ಹವಳದ ಮೀನುಗಳು: ಹುಟ್ಟಿದ್ದೆಲ್ಲಿ, ಉಳಿದದ್ದೆಲ್ಲಿ?

ಜಗತ್ತಿನ ಹವಳದ ದಿಬ್ಬಗಳನ್ನೆಲ್ಲ ಒಂದೆಡೆ ಸೇರಿಸಿದರೂ ಅವು ಕಡಲ ತಳದ ಸಾವಿರದಲ್ಲಿ ಒಂದು ಪಾಲಿನಷ್ಟಾಗುತ್ತವೆ. ಆ ಇಕ್ಕಟ್ಟಿನಲ್ಲೇ ಆರು ಸಾವಿರಕ್ಕೂ ಹೆಚ್ಚು ಪ್ರಭೇದದ ಮೀನುಗಳು ಬಾಳುತ್ತವೆ. ಈ ಮೀನುಗಳು ವಿಕಾಸಗೊಂಡ ಮತ್ತು ಕಡಲುಗಳಲ್ಲಿ ಹಂಚಿಹೋದ ಬಗೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು.

ಪ್ರಶ್ನೆ: ಕೆರಿಬಿಯನ್ ಕಡಲೂ ಬೆಚ್ಚಗಿದೆ, ಅಲ್ಲೂ ಹವಳವಿದೆ. ಹಾಗಿದ್ದೂ ಇಂಡೊನೇಷ್ಯಾ, ಫಿಲಿಪೀನ್ಸ್ ಸುತ್ತಮುತ್ತ ಮಾತ್ರ ಇಷ್ಟೊಂದು ಬಗೆಯ ಮೀನುಗಳು ಏಕೆ?

ಉತ್ತರ: ಬೆಚ್ಚಗಿನ ನೀರು ಬೇಕು, ಆದರೆ ಅದೊಂದೇ ಸಾಲದು ಎನ್ನುವುದಕ್ಕೆ ನಿಮ್ಮ ಹೋಲಿಕೆಯೇ ಸಾಕ್ಷಿ. ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪೀನ್ಸ್, ಪಾಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು ಮತ್ತು ಪೂರ್ವ ಟಿಮೋರ್, ಈ ಆರು ದೇಶಗಳಿಗೆ ಸೇರಿದ ಹವಳದ ಕಡಲನ್ನು ‘ಹವಳ ತ್ರಿಕೋನ’ ಎನ್ನುತ್ತಾರೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದದ ದಿಬ್ಬದ ಮೀನುಗಳಿವೆ. ನ್ಯೂಗಿನಿಯ ಪಶ್ಚಿಮ ತುದಿಯ ಸುತ್ತ, ರಾಜಾ ಅಂಪತ್ ದ್ವೀಪಗಳೂ ಸೇರಿದ ಕಡಲಿನಲ್ಲೇ 1,500ಕ್ಕಿಂತ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಇಡೀ ಕೆರಿಬಿಯನ್‌ನಲ್ಲಿ ಇರುವುದು ತ್ರಿಕೋನದ ಅರ್ಧಕ್ಕಿಂತ ಕಡಿಮೆ. ಗಟ್ಟಿ ಹವಳಗಳಲ್ಲಂತೂ ಅಂತರ ಇನ್ನೂ ದೊಡ್ಡದು. ತ್ರಿಕೋನದಲ್ಲಿ ಐನೂರಕ್ಕೂ ಹೆಚ್ಚು ಬಗೆಗಳಿದ್ದರೆ ಕೆರಿಬಿಯನ್‌ನಲ್ಲಿ ಅರವತ್ತು–ಎಪ್ಪತ್ತು.

ಇದಕ್ಕೆ ವಿಜ್ಞಾನಿಗಳು ಬಹುಕಾಲ ನಾಲ್ಕು ಕಾರಣಗಳನ್ನು ಮುಂದಿಟ್ಟು ವಾದಿಸಿದರು. ಹೊಸ ಪ್ರಭೇದಗಳು ಅಲ್ಲೇ ಹುಟ್ಟಿ ಹೊರಕ್ಕೆ ಹರಡುತ್ತವೆ ಎಂದರು ಕೆಲವರು. ಅಂಚಿನ ದ್ವೀಪಗಳಲ್ಲಿ ಹುಟ್ಟಿದ್ದು ಹರಿವಿನ ಜೊತೆ ಬಂದು ಅಲ್ಲಿ ಜಮೆಯಾಗುತ್ತದೆ ಎಂದರು ಮತ್ತೆ ಕೆಲವರು. ಹಿಂದೂ ಮಹಾಸಾಗರದ ಮೀನುಗಳ ಹರವೂ ಪೆಸಿಫಿಕ್ ಮೀನುಗಳ ಹರವೂ ಒಂದರ ಮೇಲೊಂದು ಬೀಳುವ ಜಾಗ ಅದು ಎಂಬುದು ಮೂರನೆಯ ಮಾತು. ಬೇರೆಡೆ ಅಳಿದದ್ದು ಅಲ್ಲಿ ಅಳಿಯದೆ ಉಳಿದಿದೆ ಎಂಬುದು ನಾಲ್ಕನೆಯದು. ಇವನ್ನು ಒಂದಕ್ಕೊಂದು ಎದುರಾಳಿಗಳಂತೆ ನಿಲ್ಲಿಸಿದ್ದೇ ತಪ್ಪು ಎಂದು ನಮಗನ್ನಿಸುತ್ತದೆ. ಡಿಎನ್ಎ ಆಧಾರದ ವಂಶವೃಕ್ಷಗಳನ್ನು ಕಾಲದ ಅಳತೆಗೆ ಹೊಂದಿಸಿದಾಗ ನಾಲ್ಕೂ ನಿಜವೆಂದು ತೋರಿತು, ಆದರೆ ಬೇರೆಬೇರೆ ಕಾಲಕ್ಕೆ. ಮೊದಲು ಪಶ್ಚಿಮದಿಂದ ವಂಶಗಳು ಬಂದು ಕೂಡಿದವು, ಆಮೇಲೆ ಅಲ್ಲಿ ಉಳಿದುಕೊಂಡವು, ಮಯೋಸೀನ್ ಯುಗದಲ್ಲಿ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದೆ) ಅಲ್ಲೇ ಕವಲೊಡೆದವು, ಕಳೆದ 50 ಲಕ್ಷ ವರ್ಷಗಳಲ್ಲಿ ಎರಡೂ ಸಾಗರಗಳಿಗೆ ಹರಡಿದವು.

‘ಪಶ್ಚಿಮದಿಂದ’ ಎಂದದ್ದಕ್ಕೆ ಕಾರಣವಿದೆ. ಸುಮಾರು 4 ಕೋಟಿ ವರ್ಷಗಳ ಹಿಂದೆ ಕಡಲಜೀವಿಗಳ ಅತಿ ಸಮೃದ್ಧ ತಾಣ ಇದ್ದದ್ದು ಇಂದಿನ ಯುರೋಪಿನ ದಕ್ಷಿಣ ಭಾಗವನ್ನು ಮುಚ್ಚಿದ್ದ ಟೆಥಿಸ್ ಕಡಲಿನಲ್ಲಿ. ಆಮೇಲೆ ಅದು ಅರೇಬಿಯಾದ ಕಡೆಗೆ ಸರಿಯಿತು, ಕೊನೆಗೆ ಇಂದಿನ ಜಾಗಕ್ಕೆ ಬಂತು. ಆಫ್ರಿಕಾ ಮತ್ತು ಅರೇಬಿಯಾ ಉತ್ತರಕ್ಕೆ ಸರಿದು ಟೆಥಿಸ್ ಮುಚ್ಚಿಹೋದರೆ, ಆಸ್ಟ್ರೇಲಿಯಾವನ್ನು ಹೊತ್ತ ಭೂಫಲಕ ಆಗ್ನೇಯ ಏಷ್ಯಾಕ್ಕೆ ಡಿಕ್ಕಿ ಹೊಡೆದು ಅಲ್ಲಿ ಆಳವಿಲ್ಲದ ಕಡಲೂ ಸಾವಿರಾರು ದ್ವೀಪಗಳೂ ಎದ್ದವು. ಮೀನುಗಳಿಗೆ ಹೊಸ ದಂಡೆ ಸಿಕ್ಕಿದ್ದು ಹೀಗೆ.

ಇದರ ಮೇಲೆ ಹಿಮಯುಗಗಳ ಕಥೆಯೂ ಸೇರಬೇಕು. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಇಂದಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು. ಆಳವಿಲ್ಲದ ಎಷ್ಟೋ ದಿಬ್ಬಗಳು ಒಣನೆಲವಾದವು, ಅಂಚಿನ ನೀರು ತಣ್ಣಗಾಯಿತು. ಆಗಲೂ ಹವಳ ಉಳಿದಿದ್ದ ಆಸರೆಯ ತಾಣಗಳಿಗೆ ಒಂದು ದಿಬ್ಬ ಎಷ್ಟು ಹತ್ತಿರವಿದೆ ಎಂಬ ಒಂದು ಅಂಶವೇ ಅಲ್ಲಿನ ಇಂದಿನ ಮೀನುಗಳ ಸಂಖ್ಯೆಯನ್ನು ಚೆನ್ನಾಗಿ ವಿವರಿಸುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂದಿನ ನೀರಿನ ಬಿಸಿಗಿಂತ ಅಂದಿನ ಆಸರೆಯ ದೂರ ಹೆಚ್ಚು ಹೇಳುತ್ತದೆ. ಕೆರಿಬಿಯನ್‌ಗೆ ಹಾಗೆ ಬಂದು ತುಂಬಿಕೊಳ್ಳಲು ನೆರೆಯ ಸಮೃದ್ಧ ಕಡಲೇ ಇರಲಿಲ್ಲ. ಪೂರ್ವಕ್ಕೆ ಅಟ್ಲಾಂಟಿಕ್, ಪಶ್ಚಿಮಕ್ಕೆ ಸುಮಾರು 30 ಲಕ್ಷ ವರ್ಷಗಳ ಹಿಂದೆ ಎದ್ದು ನಿಂತ ಪನಾಮಾ ಭೂಸಂಧಿ. ಅಲ್ಲಿ ಅಳಿದದ್ದು ಮರಳಿ ಬರಲಿಲ್ಲ. ಪೆಸಿಫಿಕ್‌ನಲ್ಲಿ ಇಂದು ಎಲ್ಲೆಡೆ ಕಾಣುವ ಪೊಸಿಲೊಪೊರಾ ಹವಳ ಒಂದು ಕಾಲಕ್ಕೆ ಕೆರಿಬಿಯನ್‌ನಲ್ಲೂ ಇತ್ತು, ಈಗ ಇಲ್ಲ.

ಪ್ರಶ್ನೆ: ಈ ಮೀನುಗಳು ಯಾವಾಗ ಹುಟ್ಟಿದವು ಎಂದು ಹೇಗೆ ಗೊತ್ತಾಗುತ್ತದೆ? ಮೆದು ಮೂಳೆಯ ಚಿಕ್ಕ ಮೀನುಗಳು ಪಳೆಯುಳಿಕೆಯಾಗುವುದು ಅಪರೂಪವಲ್ಲವೇ?

ಉತ್ತರ: ಅಪರೂಪವೇ. ದಿಬ್ಬದ ಮೇಲೆ ಸತ್ತ ಮೀನನ್ನು ಕೆಲವೇ ಗಂಟೆಗಳಲ್ಲಿ ಇತರ ಜೀವಿಗಳು ತಿಂದು ಮುಗಿಸುತ್ತವೆ. ಉಳಿದ ಮೂಳೆಯನ್ನು ಅಲೆ ಚೂರು ಮಾಡುತ್ತದೆ. ಅದಕ್ಕೇ ಇಟಲಿಯ ವೆರೋನಾ ಬಳಿಯ ಮೊಂಟೆ ಬೋಲ್ಕಾ ಎಂಬ ಸುಣ್ಣದಕಲ್ಲಿನ ಗಣಿಗೆ ಇಷ್ಟೊಂದು ಬೆಲೆ. ಅಲ್ಲಿನ ಪದರಗಳಿಗೆ ಸುಮಾರು 5 ಕೋಟಿ ವರ್ಷ. ಆಮ್ಲಜನಕ ಕಡಿಮೆಯಿದ್ದ ತಳಕ್ಕೆ ಮುಳುಗಿದ ಮೀನುಗಳ ಮೇಲೆ ನಯವಾದ ಸುಣ್ಣದ ಕೆಸರು ಕೂತು ಅವು ಮೂಳೆ, ರೆಕ್ಕೆ ಸಮೇತ ಉಳಿದಿವೆ. ಸಿಕ್ಕ ಪ್ರಭೇದಗಳು ಇನ್ನೂರಕ್ಕೂ ಹೆಚ್ಚು. ಸರ್ಜನ್ ಮೀನು, ಮೊಲಮೀನು, ಡ್ಯಾಮ್ಸೆಲ್, ರಾಸ್, ಕಾರ್ಡಿನಲ್ ಮೀನು ಮುಂತಾದ ಕುಟುಂಬಗಳು ಅಷ್ಟು ಹೊತ್ತಿಗಾಗಲೇ ಬೇರ್ಪಟ್ಟಿದ್ದವು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳನ್ನು ಅಳಿಸಿದ ಉತ್ಪಾತದ ನಂತರದ 1.6 ಕೋಟಿ ವರ್ಷಗಳಲ್ಲೇ ಇಂದಿನ ದಿಬ್ಬದ ಮೀನುಗಳ ಚೌಕಟ್ಟು ಬಹುಪಾಲು ಸಿದ್ಧವಾಗಿತ್ತು ಎಂದಾಯಿತು.

ಅಲ್ಲಿ ಏನಿಲ್ಲ ಎಂಬುದೂ ಅಷ್ಟೇ ಮುಖ್ಯ. ಹವಳದ ಕಲ್ಲನ್ನು ಕೊಕ್ಕಿನಿಂದ ಕೆರೆದು ತಿನ್ನುವ ಗಿಳಿಮೀನು ಬೋಲ್ಕಾದಲ್ಲಿಲ್ಲ. ಖಚಿತವಾಗಿ ಗಿಳಿಮೀನಿನದೇ ಎನ್ನಬಹುದಾದ ಹಳೆಯ ಪಳೆಯುಳಿಕೆ ಆಸ್ಟ್ರಿಯಾದ್ದು, ಅದಕ್ಕೆ ಸುಮಾರು 1.4 ಕೋಟಿ ವರ್ಷ. ಕುಟುಂಬಗಳು ಹಳೆಯವು, ಬದುಕುವ ಎಷ್ಟೋ ದಾರಿಗಳು ಹೊಸವು. ಇಂದು ಕಾಣುವ ಪ್ರಭೇದಗಳಲ್ಲಿ ಬಹಳಷ್ಟು ಮಯೋಸೀನ್ ಮತ್ತು ಅನಂತರದವು.

ಡಿಎನ್ಎಯಿಂದ ಕಾಲ ಎಣಿಸುವಾಗ ವಿದ್ಯಾರ್ಥಿಗಳು ಎಡವುವುದು ಎರಡು ಕಡೆ. ಪಳೆಯುಳಿಕೆ ಕೊಡುವುದು ಕನಿಷ್ಠ ವಯಸ್ಸು ಮಾತ್ರ. 5 ಕೋಟಿ ವರ್ಷದ ಡ್ಯಾಮ್ಸೆಲ್ ಸಿಕ್ಕಿತೆಂದರೆ ಆ ವಂಶ ಅದಕ್ಕೂ ಹಿಂದಿನದು, ಎಷ್ಟು ಹಿಂದಿನದು ಎಂಬುದನ್ನು ಕಲ್ಲು ಹೇಳದು. ಎರಡನೆಯದು, ಪಳೆಯುಳಿಕೆಯನ್ನು ವೃಕ್ಷದ ಯಾವ ಗಿಣ್ಣಿಗೆ ಕಟ್ಟುತ್ತೀರಿ ಎಂಬುದು. ಕುಟುಂಬದ ಬುಡದ ಕಾಂಡಕ್ಕೆ ಸೇರಬೇಕಾದದ್ದನ್ನು ಇಂದು ಬದುಕಿರುವ ಪ್ರಭೇದಗಳ ಕವಲಿಗೆ ಕಟ್ಟಿದರೆ ಮೇಲಿನ ಎಲ್ಲ ಕವಲುಗಳೂ ಇರುವುದಕ್ಕಿಂತ ಹಳೆಯವಾಗಿ ಕಾಣುತ್ತವೆ.

ಅಂಗರಚನೆಯನ್ನು ಮಾತ್ರ ನಂಬುವುದರ ಅಪಾಯಕ್ಕೆ ಗಂಟಲ ದವಡೆ ಒಳ್ಳೆಯ ಉದಾಹರಣೆ. ರಾಸ್ ಮತ್ತು ಡ್ಯಾಮ್ಸೆಲ್ ಮೀನುಗಳಿಗೆ ಬಾಯಿಯ ದವಡೆಯ ಹಿಂದೆ, ಗಂಟಲಲ್ಲಿ ಇನ್ನೊಂದು ಜೊತೆ ದವಡೆಯಿದೆ. ಕೆಳಗಿನ ಎರಡು ಮೂಳೆಗಳು ಬೆಸೆದು ಒಂದಾಗಿರುವುದರಿಂದ ಚಿಪ್ಪನ್ನೂ ಪುಡಿಮಾಡುವ ಬಲ ಬರುತ್ತದೆ. ಬಾಯಿ ಹಿಡಿಯುವ ಕೆಲಸ ಮಾಡಿದರೆ ಸಾಕು, ಅಗಿಯುವುದು ಗಂಟಲಿನ ಪಾಲು. ಇಷ್ಟೊಂದು ವಿಶೇಷವಾದ ರಚನೆ ಒಮ್ಮೆ ಮಾತ್ರ ಹುಟ್ಟಿರಬೇಕೆಂದು ನಂಬಿ ಇವೆರಡನ್ನೂ, ಸಿಹಿನೀರಿನ ಸಿಕ್ಲಿಡ್‌ಗಳನ್ನೂ ಒಂದೇ ಗುಂಪಿಗೆ ಹಾಕಿದ್ದರು. ಈ ದವಡೆ ಬೇರೆಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಮೂಡಿದೆ ಎಂದು ಡಿಎನ್ಎ ತೋರಿಸಿತು.

ಪ್ರಶ್ನೆ: ಉಷ್ಣವಲಯದಲ್ಲಿ ಹೊಸ ಪ್ರಭೇದಗಳು ಬೇಗ ಹುಟ್ಟುತ್ತವೆ ಎಂದು ಓದಿದ್ದೆ. ಸರಿಯೇ?

ಉತ್ತರ: ಮೀನುಗಳ ಮಟ್ಟಿಗೆ ಸರಿಯಲ್ಲ. 2018ರಲ್ಲಿ ಪ್ರಕಟವಾದ ಮೀನುಗಳ ಬೃಹತ್ ವಂಶವೃಕ್ಷದಲ್ಲಿ ಪ್ರಭೇದಗಳು ಅತಿ ಬೇಗ ಕವಲೊಡೆಯುತ್ತಿರುವುದು ಧ್ರುವಗಳತ್ತಣ ತಣ್ಣನೆಯ ಕಡಲುಗಳಲ್ಲಿ ಎಂದು ಕಂಡುಬಂತು. ಅಂಟಾರ್ಕ್ಟಿಕಾದ ಹಿಮಮೀನುಗಳು ಅಂಥವು. ಹಾಗಾದರೆ ಅಲ್ಲಿ ಪ್ರಭೇದಗಳು ಕಡಿಮೆ ಏಕೆ? ಬೇಗ ಹುಟ್ಟಿದರೂ ಕೂಡಿಡಲು ಸಿಕ್ಕ ಕಾಲ ಕಡಿಮೆ. ಹಿಮ ಬಂದುಹೋದಾಗೆಲ್ಲ ಗುಡಿಸಿದಂತಾಗುತ್ತಿತ್ತು. ಹವಳದ ಕಡಲಿನಲ್ಲಿ ಹುಟ್ಟುವ ವೇಗ ಸಾಧಾರಣ, ಆದರೆ ಅಳಿಯದೆ ಉಳಿದ ಕಾಲ ಬಹು ದೀರ್ಘ. ಪ್ರಭೇದಗಳ ಸಂಖ್ಯೆ ತೋರಿಸುವ ನಕ್ಷೆಯ ಗಾಢ ಬಣ್ಣದ ಜಾಗವನ್ನು ನೋಡಿದ ಕೂಡಲೇ ‘ಇಲ್ಲಿ ವಿಕಾಸ ಜೋರಾಗಿದೆ’ ಎನ್ನಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಪ್ರಶ್ನೆ: ಹವಳದ ಮೀನುಗಳ ಮರಿಗಳು ಪ್ರವಾಹದಲ್ಲಿ ತೇಲಿಹೋಗುತ್ತವೆ ಎನ್ನುತ್ತೀರಿ. ಹಾಗಿದ್ದರೆ ಎಲ್ಲ ಮೀನೂ ಎಲ್ಲ ಕಡೆ ಇರಬೇಕಿತ್ತಲ್ಲವೇ?

ಉತ್ತರ: ಮರಿ ಹೊರಡುವುದು ಒಂದು, ತಲುಪುವುದು ಇನ್ನೊಂದು, ಅಲ್ಲಿ ನೆಲೆಯೂರುವುದು ಮತ್ತೊಂದು. ಮೂರರಲ್ಲಿ ಯಾವುದು ತಪ್ಪಿದರೂ ಹರವು ಅಲ್ಲಿಗೆ ನಿಲ್ಲುತ್ತದೆ.

ಕ್ಲೌನ್ ಮೀನಿನ ಮರಿ ತೆರೆದ ಕಡಲಲ್ಲಿ ಇರುವುದು ಹತ್ತು ದಿನಗಳಷ್ಟು. ಸರ್ಜನ್ ಮೀನಿನ ಮರಿ ಎರಡು ತಿಂಗಳವರೆಗೂ ಇರಬಲ್ಲದು. ಇಂಡೊನೇಷ್ಯಾದ ಬಂಗ್ಗಾಯ್ ಕಾರ್ಡಿನಲ್ ಮೀನಿಗೆ ತೇಲುವ ಹಂತವೇ ಇಲ್ಲ. ಗಂಡುಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟು ಕಾಪಾಡಿ ನೇರ ದಿಬ್ಬದ ಮೇಲೆ ಬಿಡುತ್ತದೆ. ಅದರ ಸಹಜ ನೆಲೆ ಒಂದು ಪುಟ್ಟ ದ್ವೀಪಸಮೂಹ ಮಾತ್ರ. ಇಷ್ಟು ಓದಿದರೆ ಹೆಚ್ಚು ದಿನ ತೇಲಿದ ಮೀನಿನ ಹರವು ಹೆಚ್ಚು ಎಂಬ ಸೂತ್ರ ಹೊಳೆಯುತ್ತದೆ. ಆದರೆ ನೂರಾರು ಪ್ರಭೇದಗಳನ್ನು ಒಟ್ಟಿಗೆ ನೋಡಿದಾಗ ಆ ಸಂಬಂಧ ಸಡಿಲವಾಗುತ್ತದೆ. ಮರಿಗಳು ಸುಮ್ಮನೆ ತೇಲುವ ಧೂಳಲ್ಲ. ಕೊನೆಯ ಹಂತದಲ್ಲಿ ಅವು ಪ್ರವಾಹದ ಎದುರು ಈಜಬಲ್ಲವು, ದಿಬ್ಬದ ಸದ್ದು ಮತ್ತು ವಾಸನೆ ಹಿಡಿದು ಬರಬಲ್ಲವು. ಪಾಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ನಡೆದ ಅಧ್ಯಯನದಲ್ಲಿ ಕ್ಲೌನ್ ಮರಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ತಾವು ಹುಟ್ಟಿದ ತಾಣದಲ್ಲೇ ಬಂದು ನೆಲೆಯೂರಿದ್ದವು. ವಿಶಾಲ ಹರವಿಗೆ ಬೆಳೆದ ಮೀನಿನ ಗುಣಗಳೂ ಬೇಕು. ದೊಡ್ಡ ಮೈ, ಗುಂಪಾಗಿ ಬಾಳುವ ಅಭ್ಯಾಸ, ರಾತ್ರಿ ಸಂಚಾರ, ಈ ಮೂರೂ ಹೊಸ ಜಾಗದಲ್ಲಿ ಬಾಯಿಗೆ ಸಿಕ್ಕಿ ಸಾಯುವುದನ್ನು ತಗ್ಗಿಸುತ್ತವೆ.

ತಡೆಗೋಡೆಗಳೂ ಒಂದೇ ಬಗೆಯವಲ್ಲ. ಮಧ್ಯ ಪೆಸಿಫಿಕ್ ದ್ವೀಪಗಳಿಗೂ ಅಮೆರಿಕದ ಪಶ್ಚಿಮ ದಂಡೆಗೂ ನಡುವೆ ಸುಮಾರು 5,000 ಕಿಲೋಮೀಟರ್ ಆಳನೀರು. ನಡುವೆ ಇಳಿಯಲು ದಿಬ್ಬವಿಲ್ಲ. ಆಫ್ರಿಕಾದ ನೈಋತ್ಯ ಕರಾವಳಿಯ ಬೆಂಗುವೆಲಾ ಪ್ರವಾಹ ತಣ್ಣಗಿರುವುದರಿಂದ ಹಿಂದೂ ಮಹಾಸಾಗರದ ಮೀನುಗಳು ಅಟ್ಲಾಂಟಿಕ್‌ಗೆ ದಾಟುವುದು ಕಷ್ಟ. ಅಮೆಜಾನ್ ಮತ್ತು ಒರಿನೊಕೊ ನದಿಗಳ ಸಿಹಿನೀರು, ಕೆಸರು ಬ್ರೆಜಿಲ್ ಮತ್ತು ಕೆರಿಬಿಯನ್‌ಗಳನ್ನು ಬೇರ್ಪಡಿಸುತ್ತವೆ. ಆದರೆ ಇದು ಸೋರುವ ಗೋಡೆ. ಸಿಹಿನೀರು ಮೇಲೆ ತೇಲುತ್ತದೆ, ಕೆಳಗೆ ಸ್ಪಂಜುಗಳ ತಳದ ಮೇಲೆ ಉಪ್ಪುನೀರಿದೆ. ಆಳಕ್ಕೆ ಒಗ್ಗುವ ಮೀನುಗಳು ಆ ದಾರಿಯಲ್ಲಿ ದಾಟುತ್ತವೆ, ಹಿಮಯುಗಗಳಲ್ಲಿ ಕಡಲಮಟ್ಟದ ಜೊತೆ ಈ ಬಾಗಿಲಿನ ಅಗಲವೂ ಬದಲಾಗುತ್ತಿತ್ತು.

ಸೋರದ ಗೋಡೆ ಪನಾಮಾ. ಅದರ ಎರಡೂ ಬದಿಗೆ ಸಿಕ್ಕಿಬಿದ್ದ ಅವಳಿ ಪ್ರಭೇದಗಳನ್ನು 1908ರಲ್ಲೇ ಅಮೆರಿಕದ ಮೀನುತಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಗುರುತಿಸಿ ಹೆಸರಿಟ್ಟರು. ಅಟ್ಲಾಂಟಿಕ್‌ನ ಅಬುಡೆಫ್ಡಫ್ ಸಾಕ್ಸಾಟಿಲಿಸ್, ಪೆಸಿಫಿಕ್ ಬದಿಯ ಅಬುಡೆಫ್ಡಫ್ ಟ್ರೋಶೆಲಿಯೈ ಅಂಥ ಒಂದು ಜೋಡಿ. ಹಳದಿ ಬೆನ್ನು, ಕಪ್ಪು ಪಟ್ಟೆಯ ಇವೆರಡನ್ನು ನೀರಲ್ಲಿ ನೋಡಿ ಬೇರೆ ಮಾಡುವುದು ಸುಲಭವಲ್ಲ.

ಪ್ರಶ್ನೆ: ಹವಾಯಿ ದ್ವೀಪಗಳಲ್ಲಿ ಕ್ಲೌನ್ ಮೀನು ಇದೆಯೇ?

ಉತ್ತರ: ಸಹಜವಾಗಿ ಇಲ್ಲ. ಅಟ್ಲಾಂಟಿಕ್‌ನಲ್ಲೂ ಇಲ್ಲ. ದೂರದ ದ್ವೀಪಗಳಲ್ಲಿ ಒಟ್ಟು ಪ್ರಭೇದಗಳು ಕಡಿಮೆ, ಆದರೆ ಅಲ್ಲಿಗಷ್ಟೇ ಸೀಮಿತವಾದವುಗಳ ಪಾಲು ಹೆಚ್ಚು. ಹವಾಯಿಯ ದಿಬ್ಬದ ಮೀನುಗಳಲ್ಲಿ ಸುಮಾರು ಕಾಲು ಭಾಗ ಬೇರೆಲ್ಲೂ ಸಿಗವು.

ಪ್ರಶ್ನೆ: ಬಣ್ಣ ಬೇರೆಯಾದರೆ ಪ್ರಭೇದವೂ ಬೇರೆಯೇ? ಡಿಎನ್ಎ ಪರೀಕ್ಷೆಗೆ ಮಾದರಿ ತೆಗೆದಿಡುವುದು ಹೇಗೆ?

ಉತ್ತರ: ಬಣ್ಣ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಎಂಪರರ್ ಏಂಜೆಲ್ ಮೀನಿನ ಮರಿಗೆ ನೀಲಿ ಮೈಮೇಲೆ ಬಿಳಿ ಉಂಗುರಗಳು, ಬೆಳೆದ ಮೇಲೆ ಹಳದಿ ಗೆರೆಗಳು. ಗಿಳಿಮೀನುಗಳು ಲಿಂಗ ಬದಲಾದಾಗ ಬಣ್ಣವನ್ನೂ ಬದಲಿಸುತ್ತವೆ, ಹಿಂದೆ ಒಂದೇ ಪ್ರಭೇದದ ಎರಡು ಹಂತಗಳಿಗೆ ಎರಡು ಹೆಸರು ಬಿದ್ದದ್ದುಂಟು. ಇದಕ್ಕೆ ತದ್ವಿರುದ್ಧ ಕೆರಿಬಿಯನ್‌ನ ಹ್ಯಾಮ್ಲೆಟ್ ಮೀನುಗಳು. ಬಣ್ಣದಲ್ಲಿ ಸ್ಪಷ್ಟವಾಗಿ ಬೇರೆ, ತಮ್ಮ ಬಣ್ಣದವುಗಳೊಡನೆಯೇ ಹೆಚ್ಚಾಗಿ ಕೂಡುತ್ತವೆ, ಆದರೆ ಜೀನ್‌ಗಳಲ್ಲಿ ಅಂತರ ಅತ್ಯಲ್ಪ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪ ಮತ್ತು ಕೊಕೊಸ್ ದ್ವೀಪಗಳ ಬಳಿ ಎರಡು ಸಾಗರಗಳ ಸೋದರ ಪ್ರಭೇದಗಳು ಎದುರಾಗಿ ಮಿಶ್ರತಳಿಗಳು ಹುಟ್ಟುತ್ತವೆ, ಅವುಗಳಲ್ಲಿ ಚಿಟ್ಟೆಮೀನುಗಳು ಸಾಕಷ್ಟು.

ಮಾದರಿಗೆ ಮೊದಲು ಅನುಮತಿ ಇರಲಿ. ಮೀನನ್ನು ಹಿಡಿದ ಕೂಡಲೇ ರೆಕ್ಕೆ ಬಿಡಿಸಿ ಅಳತೆಪಟ್ಟಿಯ ಜೊತೆ ಫೋಟೊ ತೆಗೆಯಿರಿ, ಏಕೆಂದರೆ ಎಥನಾಲ್ ಎಂಬ ಮದ್ಯಸಾರದಲ್ಲಿ ಬಣ್ಣ ಉಳಿಯದು. ಉಗುರಿನಷ್ಟು ರೆಕ್ಕೆಯ ತುಣುಕು ಸಾಕು. ಅದರ ಹತ್ತು ಪಟ್ಟು 95 ಶೇಕಡ ಎಥನಾಲ್‌ನಲ್ಲಿ ಮುಳುಗಿಸಿ, ಮರುದಿನ ಎಥನಾಲ್ ಬದಲಿಸಿ. ತುಣುಕಿನ ನೀರು ಸೇರಿ ಅದು ತೆಳುವಾದರೆ ಡಿಎನ್ಎ ಕೆಡುತ್ತದೆ. ಫಾರ್ಮಲಿನ್ ಮುಟ್ಟಿಸಬೇಡಿ, ಅದು ಡಿಎನ್ಎಯನ್ನು ಚೂರುಚೂರು ಮಾಡುತ್ತದೆ. ಪ್ರಭೇದ ಗುರುತಿಸಲು ಸಾಮಾನ್ಯವಾಗಿ ಓದುವ ‘ಬಾರ್‌ಕೋಡ್’ ಜೀನಿನ ಸುಮಾರು 650 ಅಕ್ಷರಗಳು ತಾಯಿಯಿಂದ ಮಾತ್ರ ಬರುತ್ತವೆ. ಮಿಶ್ರತಳಿಯಾದರೆ ಅದು ತಾಯಿಯ ಪ್ರಭೇದದ ಹೆಸರನ್ನೇ ಹೇಳುತ್ತದೆ, ಹ್ಯಾಮ್ಲೆಟ್‌ಗಳಲ್ಲಿ ಏನೂ ಹೇಳದು. ಅಂಥಲ್ಲಿ ಕೋಶಕೇಂದ್ರದ ಜೀನ್‌ಗಳನ್ನೂ ಓದಲೇಬೇಕು.

ಪ್ರಶ್ನೆ: ಪದವಿ ಯೋಜನೆಗಾಗಿ ಒಂದು ದಿಬ್ಬದ ಮೀನುಗಳ ಗಣತಿ ಮಾಡಬೇಕಿದೆ. ಎಲ್ಲಿಂದ ಶುರುಮಾಡಲಿ?

ಉತ್ತರ: 50 ಮೀಟರ್ ಟೇಪಿನಿಂದ. ಒಂದೇ ಆಳ ಕಾಯ್ದುಕೊಂಡು ಟೇಪ್ ಬಿಚ್ಚುತ್ತಾ ಹೋಗುವಾಗಲೇ ದೊಡ್ಡ, ಓಡಾಡುವ ಮೀನುಗಳನ್ನು 5 ಮೀಟರ್ ಅಗಲದ ಪಟ್ಟಿಯಲ್ಲಿ ಎಣಿಸಿ. ಟೇಪ್ ಹಾಸಿಟ್ಟು ಆಮೇಲೆ ಎಣಿಸಿದರೆ ಅಂಜುವ ಮೀನುಗಳು ಆಗಲೇ ಜಾಗ ಬಿಟ್ಟಿರುತ್ತವೆ. ಮರಳುವಾಗ 2 ಮೀಟರ್ ಅಗಲದಲ್ಲಿ ಡ್ಯಾಮ್ಸೆಲ್‌ನಂಥ ಚಿಕ್ಕವನ್ನು ಎಣಿಸಿ. ಹಿಂದಿನಿಂದ ಬಂದು ಮುಂದೆ ಹೋಗುವ ಮೀನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಆಳದಲ್ಲೂ ಇಂಥ ಕನಿಷ್ಠ ಮೂರು–ನಾಲ್ಕು ಪಟ್ಟಿಗಳಲ್ಲಿ ಎಣಿಸಿ. ಮುಂಜಾವು, ಮುಸ್ಸಂಜೆ ಬೇಡ. ಹಗಲ ಮೀನು ಮತ್ತು ಇರುಳ ಮೀನು ಪಾಳಿ ಬದಲಿಸುವ ಹೊತ್ತದು.

ಉದ್ದ ಅಂದಾಜಿಸುವಲ್ಲಿ ಹೆಚ್ಚಿನವರು ಸೋಲುತ್ತಾರೆ. ಮುಖವಾಡದ ಗಾಜಿನ ಮೂಲಕ ನೀರೊಳಗಿನ ವಸ್ತು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಉದ್ದ ಗೊತ್ತಿರುವ ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ನೀರಿನಲ್ಲಿ ನೋಡಿ ಕಣ್ಣನ್ನು ಪಳಗಿಸಿ. ತೂಕ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದದಲ್ಲಿ ನೂರಕ್ಕೆ 10ರ ತಪ್ಪು ತೂಕದಲ್ಲಿ 33ರ ತಪ್ಪಾಗುತ್ತದೆ.

ಇಷ್ಟು ಮಾಡಿದರೂ ದಿಬ್ಬದ ಪ್ರಭೇದಗಳಲ್ಲಿ ಅರ್ಧದಷ್ಟು ಕಣ್ತಪ್ಪಿಸುತ್ತವೆ. ಗೋಬಿ, ಬ್ಲೆನ್ನಿ ಮೊದಲಾದ ಬೆರಳುದ್ದವೂ ಇಲ್ಲದ, ಬಿರುಕಿನಲ್ಲಿ ಅಡಗುವ ಮೀನುಗಳವು. ಇವುಗಳನ್ನು ಬಿಟ್ಟರೆ ದಿಬ್ಬದ ಲೆಕ್ಕವೇ ದಾರಿ ತಪ್ಪುತ್ತದೆ, ಏಕೆಂದರೆ ಇತರ ಮೀನುಗಳಿಗೆ ನಿತ್ಯದ ಆಹಾರ ಇವೇ. ಇವುಗಳಲ್ಲೊಂದಾದ ಎವಿಯೋಟಾ ಸಿಗಿಲ್ಲಾಟಾ ಗೋಬಿ ಹೆಚ್ಚೆಂದರೆ 59 ದಿನ ಬದುಕುತ್ತದೆ. ಅನುಮತಿಯಿದ್ದರೆ ಸಣ್ಣ ಕಣ್ಣಿನ ಬಲೆಯಿಂದ ಒಂದು ತುಣುಕು ಜಾಗ ಮುಚ್ಚಿ, ಎಥನಾಲ್‌ನಲ್ಲಿ ಕರಗಿಸಿದ ಲವಂಗದ ಎಣ್ಣೆ ಚಿಮುಕಿಸಿ ಅವನ್ನು ಮಂಪರುಗೊಳಿಸಿ ಹಿಡಿಯುವುದೇ ದಾರಿ.

ಅನುಮತಿ, ಸಮಯ ಎರಡೂ ಇಲ್ಲದಿದ್ದರೆ ಮೀನುತಜ್ಞ ಜೆರಾಲ್ಡ್ ಅಲೆನ್ ರೂಪಿಸಿದ ಸೂಚ್ಯಂಕ ಬಳಸಿ. ಚಿಟ್ಟೆಮೀನು, ಏಂಜೆಲ್ ಮೀನು, ಡ್ಯಾಮ್ಸೆಲ್, ರಾಸ್, ಗಿಳಿಮೀನು, ಸರ್ಜನ್ ಮೀನು, ಈ ಆರು ಗುಂಪುಗಳ ಪ್ರಭೇದಗಳನ್ನು ಮಾತ್ರ ಪಟ್ಟಿಮಾಡಿ ಕೂಡಿಸಿ. 2,000 ಚದರ ಕಿಲೋಮೀಟರ್‌ಗಿಂತ ಚಿಕ್ಕ ಪ್ರದೇಶವಾದರೆ ಆ ಮೊತ್ತವನ್ನು 3.39ರಿಂದ ಗುಣಿಸಿ 20.595 ಕಳೆಯಿರಿ. 200 ಪ್ರಭೇದ ಸಿಕ್ಕರೆ ಒಟ್ಟು ಸುಮಾರು 657 ಇರಬಹುದೆಂದು ಅಂದಾಜು. ಇದು ಹಿಂದೂ–ಪೆಸಿಫಿಕ್ ಕಡಲಿಗೆ ಕಟ್ಟಿದ ಸೂತ್ರ, ಅಟ್ಲಾಂಟಿಕ್‌ನಲ್ಲಿ ಬಳಸಬೇಡಿ. ಪಟ್ಟಿ ಅರೆಬರೆಯಾಗಿದ್ದರೆ ತಪ್ಪೂ ಮೂರು ಪಟ್ಟನ್ನು ಮೀರುತ್ತದೆ, ಹಾಗಾಗಿ ಹೊಸ ಪ್ರಭೇದ ಸಿಗುವುದು ಹೆಚ್ಚುಕಡಿಮೆ ನಿಂತ ಮೇಲೆಯೇ ಗುಣಿಸಿ.

ಕಾಣದೆ ಉಳಿದವುಗಳ ಅಂದಾಜಿಗೆ ಚಾವೊ ಸೂತ್ರವೂ ಇದೆ. ಒಂದೇ ಒಂದು ಮೀನು ಕಂಡ ಪ್ರಭೇದಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡೇ ಮೀನು ಕಂಡ ಪ್ರಭೇದಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ಕಂಡ ಒಟ್ಟಿಗೆ ಸೇರಿಸಿ. ಕಂಡದ್ದು 120, ಒಂಟಿ 20, ಜೋಡಿ 10 ಎಂದಾದರೆ 400ನ್ನು 20ರಿಂದ ಭಾಗಿಸಿ ಬಂದ 20 ಸೇರಿ 140. ಇದು ಕನಿಷ್ಠ ಅಂದಾಜು ಎಂದು ವರದಿಯಲ್ಲಿ ಬರೆಯಲು ಮರೆಯಬೇಡಿ.

ಪ್ರಶ್ನೆ: ಹೆಚ್ಚು ಪ್ರಭೇದಗಳಿರುವ ದಿಬ್ಬ ಹೆಚ್ಚು ಸುರಕ್ಷಿತ ಅಲ್ಲವೇ? ಒಂದು ಹೋದರೆ ಇನ್ನೊಂದು ಅದರ ಕೆಲಸ ಮಾಡುತ್ತದೆ.

ಉತ್ತರ: ಹಾಗೆ ನಂಬಲು ಆಸೆಯಾಗುತ್ತದೆ. ಮೀನುಗಳನ್ನು ಗಾತ್ರ, ಆಹಾರ, ಓಡಾಟ, ಎಚ್ಚರದ ಹೊತ್ತು, ಗುಂಪು, ನೀರಿನಲ್ಲಿ ಇರುವ ಮಟ್ಟ ನೋಡಿ ಕೆಲಸಗಳ ಗುಂಪುಗಳಾಗಿ ವಿಂಗಡಿಸಿದಾಗ ಬೇರೆಯದೇ ಚಿತ್ರ ಬಂತು. ಕೆಲವೇ ಗುಂಪುಗಳಲ್ಲಿ ಪ್ರಭೇದಗಳು ತುಂಬಿ ತುಳುಕುತ್ತವೆ, ಮೂರನೇ ಒಂದಕ್ಕೂ ಹೆಚ್ಚು ಗುಂಪುಗಳಲ್ಲಿ ಇರುವುದು ಒಂದೇ ಪ್ರಭೇದ. ಹವಳ ತ್ರಿಕೋನವೂ ಇದಕ್ಕೆ ಹೊರತಲ್ಲ.

ಗುಬ್ಬುತಲೆಯ ಗಿಳಿಮೀನನ್ನೇ ನೋಡಿ. ಒಂದು ಮೀಟರ್‌ಗೂ ಮೀರಿ ಬೆಳೆಯುವ ಈ ಮೀನು ವರ್ಷಕ್ಕೆ 5 ಟನ್‌ಗೂ ಹೆಚ್ಚು ಹವಳದ ಕಲ್ಲನ್ನು ಕಚ್ಚಿ ಪುಡಿಮಾಡಿ ಮರಳಾಗಿ ಬಿಡುತ್ತದೆ. ಆ ಪ್ರಮಾಣದಲ್ಲಿ ಆ ಕೆಲಸ ಮಾಡುವ ಇನ್ನೊಂದು ಮೀನು ಹಿಂದೂ–ಪೆಸಿಫಿಕ್ ದಿಬ್ಬಗಳಲ್ಲಿಲ್ಲ, ಸುತ್ತ ಸಾವಿರ ಪ್ರಭೇದಗಳಿದ್ದರೂ ಸರಿಯೇ. ರಾತ್ರಿ ಇವು ಆಳವಿಲ್ಲದ ನೀರಿನಲ್ಲಿ ಗುಂಪಾಗಿ ಮಲಗುತ್ತವೆ. ಟಾರ್ಚ್ ಮತ್ತು ಈಟಿ ಹಿಡಿದು ಇಳಿದವರಿಗೆ ಇಡೀ ಗುಂಪು ಒಂದೇ ಇರುಳಿಗೆ ಸಿಗುತ್ತದೆ.